ಡಾಕ್ಟ್ರೇ, ಆ 'ಪಿ' ಅಂದ್ರೆ ಏನು ಹೇಳ್ತೀರಾ?

ಬರೆಯೋದು ಬಿಟ್ಟು ಮೂರು ತಿಂಗಳಾಯ್ತು. ಕೆಲಸ ಅನ್ನೋ ನೆಪ ಇದ್ದೇ ಇರುತ್ತಲ್ಲ. ಇವತ್ತು ಬರೀತಿರೋದು ಸಿಟ್ಟಿಗೆ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೇ ಇದೆ, ಹಾಗಾಗಿ ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ.

ವಿಷಯ ಮೊದಲೇ ಹೇಳಿಬಿಡ್ತೀನಿ: ಮೆಡಿಕಲ್ ಓದೋರಿಗೆ ಕಲಿಸೋ ಬಯೋಸ್ಟ್ಯಾಟಿಸ್ಟಿಕ್ಸು. ಕನ್ನಡದಲ್ಲಿ ಜೀವ ಸಂಖ್ಯಾಶಾಸ್ತ್ರ ಅನ್ನಬಹುದು. ಆದರೆ ಸಂಖ್ಯಾಶಾಸ್ತ್ರ ಅಂದ ತಕ್ಷಣ ನಮ್ಮ ಜನಕ್ಕೆ ಬೆಳಗ್ಗೆ ಟೀವಿಯಲ್ಲಿ ಹೆಸರಿಗೆ ಇನ್ನೊಂದು ಅಕ್ಷರ ಸೇರಿಸಿಕೊಳ್ಳಿ ಅನ್ನೋ ಗುರೂಜಿ ನೆನಪಾಗ್ತಾರೆ. (ಗುರೂಜಿ ವಿಷಯಕ್ಕೆ ಆಮೇಲೆ ಬರ್ತೀನಿ, ಸಂಬಂಧ ಇದೆ.)

ಎರಡು ವರ್ಷದ ಹಿಂದೆ ದೊಡ್ಡಪ್ಪನ ಮಗಳು ಫೋನ್ ಮಾಡಿದ್ಲು. ಅವಳಾಗ ಎಂ.ಡಿ. ಕೊನೇ ವರ್ಷ. "ಲೋ, ನಿಂಗೆ ಕಂಪ್ಯೂಟರ್ ಎಲ್ಲಾ ಬರುತ್ತಲ್ಲ, ನನ್ನ ಥೀಸಿಸ್ಸಿಂದು ಸ್ಟ್ಯಾಟ್ಸ್ ಮಾಡ್ಕೊಡೋ. ಹೊರಗಡೆ ಕೊಟ್ರೆ ದುಡ್ಡು ಕೇಳ್ತಾರೆ, ಟೈಮೂ ಇಲ್ಲ." ಗೊತ್ತಿಲ್ಲದವರಿಗೆ: ನಮ್ಮ ದೇಶದಲ್ಲಿ ಎಂ.ಡಿ., ಎಂ.ಎಸ್. ಮಾಡೋ ಪ್ರತಿಯೊಬ್ಬರೂ ಒಂದು ಥೀಸಿಸ್ ಬರೀಲೇಬೇಕು. ಬರೀದಿದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ. ಅಕ್ಕ ಕೇಳಿದ್ದು, ಇಲ್ಲ ಅನ್ನೋಕಾಗುತ್ತಾ? ಕಳಿಸು ಅಂದೆ.

ಬಂತು, 'ಮಾಸ್ಟರ್ ಚಾರ್ಟ್'. ಒಂದು ಎಕ್ಸೆಲ್ ಫೈಲು. ಅರವತ್ತು ರೋಗಿಗಳು, ನಲವತ್ತು ಕಾಲಮ್ಮು. ಗಂಡು ಅನ್ನೋದನ್ನ ಐದು ಥರ ಬರೆದಿದ್ಲು. ವಯಸ್ಸಿನ ಕಾಲಮ್ಮಲ್ಲಿ ಒಂದು ಕಡೆ 45, ಇನ್ನೊಂದು ಕಡೆ '45 ವರ್ಷ', ಮತ್ತೊಂದು ಕಡೆ ಹುಟ್ಟಿದ ತಾರೀಖು. ಒಬ್ಬ ರೋಗಿಗೆ ಹಿಮೋಗ್ಲೋಬಿನ್ 112 ಇತ್ತು, ಪಾಪ, ಚುಕ್ಕಿ ಬಿಟ್ಟುಹೋಗಿತ್ತು. ಒಂದು ಶನಿವಾರ ಪೂರ್ತಿ ಬರೀ ಕ್ಲೀನ್ ಮಾಡಿದೆ. ಅದೇನು ನನಗೆ ಹೊಸದಲ್ಲ, ಸಂಬಳ ತಗೊಂಡು ಮಾಡೋ ಕೆಲಸವೂ ಅದೇ.

ಆಮೇಲೆ ಕೇಳಿದೆ, "ಅಕ್ಕಾ, ಅರವತ್ತೇ ಜನ ಯಾಕೆ?"

"ಸೀನಿಯರ್ ಥೀಸಿಸ್ಸಲ್ಲೂ ಅರವತ್ತೇ ಇತ್ತು."

"ನಿಂಗೆ ಏನು ಕಂಡುಹಿಡೀಬೇಕಿತ್ತು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ಲು, "ನೋಡು, ಪಿ ವ್ಯಾಲ್ಯೂ ಬಂದ್ರೆ ಸಾಕು ಅಂದಿದಾರೆ ಗೈಡು."

ಪಿ ವ್ಯಾಲ್ಯೂ ಬರೋದು ಅಂದ್ರೆ 0.05ಕ್ಕಿಂತ ಕಮ್ಮಿ ಬರೋದು. ಮುಖ್ಯ ಹೋಲಿಕೆಯಲ್ಲಿ ಬರಲಿಲ್ಲ. ಹೇಳಿದೆ. ಅವಳ ದನಿ ಎಷ್ಟು ಇಳಿದುಹೋಯ್ತು ಅಂದ್ರೆ, ಏನೋ ಕಾಯಿಲೆ ಇದೆ ಅಂತ ನಾನೇ ಅವಳಿಗೆ ಹೇಳಿದ ಹಾಗೆ. "ಬೇರೆ ಏನಾದ್ರೂ ನೋಡೋ" ಅಂದ್ಲು. ನೋಡಿದೆ. ಗಂಡಸರಲ್ಲಿ ಮಾತ್ರ ನೋಡಿದೆ, ಹೆಂಗಸರಲ್ಲಿ ಮಾತ್ರ ನೋಡಿದೆ, ಶುಗರ್ ಇರೋರು, ಇಲ್ಲದೋರು, ಸಿಗರೇಟು ಸೇದೋರು... ಕೊನೆಗೆ ವಯಸ್ಸನ್ನ ನಲವತ್ತೈದಕ್ಕೆ ಕತ್ತರಿಸಿದಾಗ ಒಂದು ಕಡೆ 0.03 ಬಂತು. ದಪ್ಪಕ್ಷರ ಮಾಡಿ ಕಳಿಸಿದೆ. ಯಾಕೆ ನಲವತ್ತೈದು ಅಂತ ಯಾರೂ ಕೇಳಲಿಲ್ಲ. ಗೈಡು ಕೇಳಲಿಲ್ಲ, ಪರೀಕ್ಷಕರು ಕೇಳಲಿಲ್ಲ, ಆಮೇಲೆ ಅದು ಒಂದು ಜರ್ನಲ್ಲಿಗೆ ಹೋಯ್ತು, ಅವರೂ ಕೇಳಲಿಲ್ಲ. ಅಕ್ಕ ಪಾಸಾದ್ಲು. ನಂಗೆ ಒಂದು ಶರ್ಟು ಸಿಕ್ತು.

ಈಗ ಲೆಕ್ಕ ನೋಡಿ. ಎಲ್ಲೂ ಏನೂ ವ್ಯತ್ಯಾಸ ಇಲ್ಲದ ಕಡೆ ಇಪ್ಪತ್ತು ಬೇರೆ ಬೇರೆ ಹೋಲಿಕೆ ಮಾಡಿದ್ರೂ, ಅದರಲ್ಲಿ ಒಂದಾದ್ರೂ 0.05ರ ಕೆಳಗೆ ಬೀಳೋ ಸಾಧ್ಯತೆ ನೂರಕ್ಕೆ 64. 0.95ನ್ನ ಇಪ್ಪತ್ತು ಸಲ ಗುಣಿಸಿ, ಒಂದರಿಂದ ಕಳೀರಿ, ಅಷ್ಟೇ. ನನ್ನ ಹೋಲಿಕೆಗಳು ಒಂದಕ್ಕೊಂದು ಸಂಬಂಧ ಇಲ್ಲದವಲ್ಲ, ಆದ್ದರಿಂದ ಸರಿಯಾಗಿ 64 ಅಂತ ಹೇಳೋಕಾಗಲ್ಲ. ಆದರೂ ನಾನು ಮಾಡಿದ್ದು ಸಂಶೋಧನೆ ಅಲ್ಲ. ಗೋಡೆಗೆ ಬಾಣ ಬಿಟ್ಟು ಆಮೇಲೆ ಅದರ ಸುತ್ತ ವೃತ್ತ ಬರೆಯೋ ಕೆಲಸ.

ಈಗ ಗುರೂಜಿ ವಿಷಯ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಐಸಿಸ್-2 ಅನ್ನೋ ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತ ಆದ 17,187 ಜನ. ಆಸ್ಪಿರಿನ್ ಕೊಟ್ಟವರಲ್ಲಿ ಐದು ವಾರದೊಳಗೆ ಹೃದಯ-ರಕ್ತನಾಳದ ಕಾರಣಕ್ಕೆ ಆದ ಸಾವು ಸುಮಾರು ಕಾಲು ಭಾಗದಷ್ಟು ಕಮ್ಮಿ. ಇವತ್ತಿಗೂ ಎದೆನೋವು ಅಂತ ಹೋದ್ರೆ ಮೊದಲು ಆಸ್ಪಿರಿನ್ ಅಗಿಯೋಕೆ ಕೊಡೋದರ ಹಿಂದೆ ಈ ಪ್ರಯೋಗ ಇದೆ. ಪತ್ರಿಕೆಯವರು ವಯಸ್ಸು, ಲಿಂಗ ಅಂತ ಗುಂಪು ಗುಂಪು ಮಾಡಿ ಲೆಕ್ಕ ಕೊಡಿ ಅಂತ ಕೇಳಿದರಂತೆ. ಸಂಶೋಧಕರು ಕೊಟ್ಟರು, ಜೊತೆಗೆ ರಾಶಿ ಪ್ರಕಾರದ ಲೆಕ್ಕವನ್ನೂ ಸೇರಿಸಿಬಿಟ್ಟರು! ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ಉಪಯೋಗ ಇಲ್ಲ, ಸ್ವಲ್ಪ ಕೆಡುಕೇ ಅಂತ ಬಂತು. ಉಳಿದ ಹತ್ತು ರಾಶಿಗೆ ಭರ್ಜರಿ ಲಾಭ. (ಅವರದು ಸೂರ್ಯ ರಾಶಿ ಸ್ವಾಮೀ, ನಮ್ಮ ಚಂದ್ರ ರಾಶಿ ಅಲ್ಲ. ಮಿಥುನದವರು ಗಾಬರಿ ಆಗಬೇಡಿ.) ಅವರು ಹೇಳಬೇಕಾಗಿದ್ದು ಇಷ್ಟೇ: ತುಂಡು ತುಂಡು ಮಾಡ್ತಾ ಹೋದ್ರೆ ಎಂಥ ದೊಡ್ಡ ಪ್ರಯೋಗದಲ್ಲೂ ಮಿಥುನ ರಾಶಿ ಸಿಗುತ್ತೆ. ಹದಿನೇಳು ಸಾವಿರ ಜನರಲ್ಲೇ ಸಿಕ್ಕಿತು ಅಂದ್ರೆ ನಮ್ಮಕ್ಕನ ಅರವತ್ತು ಜನರಲ್ಲಿ ಸಿಗದೆ ಇರುತ್ತಾ? 'ನಲವತ್ತೈದು ದಾಟಿದವರು' ಅನ್ನೋದು ನಾನು ಹುಡುಕಿಕೊಟ್ಟ ಮಿಥುನ ರಾಶಿ.

ಅಕ್ಕ ದಡ್ಡಿ ಅಲ್ಲ, ದಯವಿಟ್ಟು ಹಾಗೆ ಓದಬೇಡಿ. ಪಿ.ಯು.ಸಿ.ಯಲ್ಲಿ ನನಗೆ ಗಣಿತ ಹೇಳಿಕೊಟ್ಟವಳೇ ಅವಳು. ಅವಳಿಗೆ ಬಯೋಸ್ಟ್ಯಾಟಿಸ್ಟಿಕ್ಸ್ ಎಲ್ಲಿ ಬಂತು ಅಂದ್ರೆ ಎಂ.ಬಿ.ಬಿ.ಎಸ್.ನಲ್ಲಿ ಕಮ್ಯೂನಿಟಿ ಮೆಡಿಸಿನ್ ಅನ್ನೋ ವಿಷಯದ ಒಂದು ಮೂಲೆಯಲ್ಲಿ. ಸರಾಸರಿ, ಮಧ್ಯಾಂಕ, ಸ್ಟ್ಯಾಂಡರ್ಡ್ ಡೀವಿಯೇಷನ್, ಕೈ-ಸ್ಕ್ವೇರ್. ಕೊಳಚೆ ನೀರಿನ ಶುದ್ಧೀಕರಣಕ್ಕೂ ಸೊಳ್ಳೆಗಳ ವಿಧಗಳಿಗೂ ನಡುವೆ ಎಲ್ಲೋ. ಕೈ-ಸ್ಕ್ವೇರ್ ಸೂತ್ರ ಬರೆದು, ನಾಲ್ಕು ಮನೆಯ ಟೇಬಲ್ ಹಾಕಿ, 3.84ಕ್ಕಿಂತ ಜಾಸ್ತಿ ಬಂದ್ರೆ 'ಸಿಗ್ನಿಫಿಕೆಂಟ್' ಅಂತ ಬರೆದ್ರೆ ಮಾರ್ಕ್ಸ್. 3.84 ಎಲ್ಲಿಂದ ಬಂತು, ಸಿಗ್ನಿಫಿಕೆಂಟ್ ಆದ್ರೆ ಎದುರಿಗೆ ಕೂತಿರೋ ರೋಗಿಗೆ ಏನಾಯ್ತು, ಇದನ್ನ ಕೇಳೋರಿಲ್ಲ. 2019ರಲ್ಲಿ ಪಠ್ಯಕ್ರಮ ಹೊಸದಾಯ್ತು, ಅದರಲ್ಲೂ ಇದರ ಮನೆ ಕಮ್ಯೂನಿಟಿ ಮೆಡಿಸಿನ್ನೇ. ಪಿ.ಜಿ.ಯವರಿಗೆ ಐ.ಸಿ.ಎಂ.ಆರ್.ನ ಚೆನ್ನೈ ಸಂಸ್ಥೆ ನಡೆಸೋ ಆನ್‌ಲೈನ್ ಕೋರ್ಸು ಕಡ್ಡಾಯ ಆಗಿದೆ. ನಾನೂ ಕೆಲವು ಪಾಠ ಕೇಳಿದೆ, ಚೆನ್ನಾಗೇ ಇದೆ. ಅಕ್ಕ ಅದನ್ನ ನೈಟ್ ಡ್ಯೂಟಿಯಲ್ಲಿ ಎರಡು ಪಟ್ಟು ವೇಗದಲ್ಲಿ ಓಡಿಸಿ ಸರ್ಟಿಫಿಕೇಟ್ ತಗೊಂಡ್ಲು. 36 ಗಂಟೆ ನಿಂತವಳನ್ನ ನಾನು ಯಾವ ಬಾಯಲ್ಲಿ ಬೈಯಲಿ?

ನಾನೇನು ಸಾಚಾ ಅಲ್ಲ. ಎಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರಿನ ಎಂ-ಫೋರ್‌ನಲ್ಲಿ ಬೇಯ್ಸ್ ಥಿಯರಮ್ಮನ್ನ ಉರು ಹೊಡೆದು ಬರೆದು ಬಂದೋನು. ಮೂರು ಯಂತ್ರ, ಕೆಟ್ಟ ಬೋಲ್ಟು, ಈ ಬೋಲ್ಟು ಎರಡನೇ ಯಂತ್ರದಿಂದ ಬಂದಿರೋ ಸಾಧ್ಯತೆ ಎಷ್ಟು... ಎಂಟು ಮಾರ್ಕ್ಸು ಗ್ಯಾರಂಟಿ. ಆ ಬೋಲ್ಟು ಜಾಗದಲ್ಲಿ ನಮ್ಮನೆ ಮನುಷ್ಯರು ಬಂದು ಕೂರ್ತಾರೆ ಅಂತ ಅವತ್ತು ಗೊತ್ತಿರಲಿಲ್ಲ.

ಬಂದು ಕೂತರು. ಹೋದ ವರ್ಷ ಅತ್ತಿಗೆಗೆ ಮೂರನೇ ತಿಂಗಳು. ಎನ್.ಟಿ. ಸ್ಕ್ಯಾನು, ಡಬಲ್ ಮಾರ್ಕರು ಅಂತ ಮಾಡಿಸಿದ್ರು. ರಿಪೋರ್ಟಲ್ಲಿ ಕೆಂಪಕ್ಷರದಲ್ಲಿ 'ಹೈ ರಿಸ್ಕ್', ಕೆಳಗೆ ಡೌನ್ ಸಿಂಡ್ರೋಮ್ 1:180. ಡಾಕ್ಟರು ಹೇಳಿದ್ದು ಎರಡೇ ಮಾತು: "ಪಾಸಿಟಿವ್ ಬಂದಿದೆ. ಮುಂದಿನ ಟೆಸ್ಟ್ ಮಾಡಿಸಿ." ಹೊರಗೆ ಇನ್ನೂ ಇಪ್ಪತ್ತು ಜನ ಕಾಯ್ತಿದ್ರು, ಅವರಿಗೂ ಪುರುಸೊತ್ತಿರಲಿಲ್ಲ. ಮನೆಗೆ ಬಂದ ಅತ್ತಿಗೆ ಊಟ ಬಿಟ್ರು. ಅಮ್ಮ ದೇವರ ಮನೆ ಬಿಟ್ಟು ಈಚೆ ಬರಲಿಲ್ಲ. ಅತ್ತಿಗೆಯ ತವರಿಂದ ಫೋನಿನ ಮೇಲೆ ಫೋನು, ಯಾರೋ ಒಬ್ಬರು "ಈಗಲೇ ತೆಗೆಸಿಬಿಡೋದು ಒಳ್ಳೇದು, ಆಮೇಲೆ ಕಷ್ಟ" ಅಂತಲೂ ಅಂದ್ರಂತೆ. ಅಣ್ಣ ರಾತ್ರಿ ಹನ್ನೊಂದಕ್ಕೆ ಟೆರೇಸಿಗೆ ಕರ್ಕೊಂಡು ಹೋಗಿ ರಿಪೋರ್ಟ್ ನನ್ನ ಕೈಗೆ ಕೊಟ್ಟ.

1:180 ಅಂದ್ರೆ ಏನು? ಇಂಥದ್ದೇ ರಿಪೋರ್ಟ್ ಬಂದ 180 ಹೆಂಗಸರನ್ನ ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿದ್ರೆ ಅದರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತೆ, 179 ಜನರ ಮಗುವಿಗೆ ಇರಲ್ಲ. ಇಷ್ಟೇ. 1:250ಕ್ಕಿಂತ ಹೆಚ್ಚಿದ್ರೆ ಇನ್ನೊಂದು ಪರೀಕ್ಷೆ ಮಾಡೋದು ವಾಸಿ ಅಂತ ಗೆರೆ ಎಳ್ಕೊಂಡಿದಾರೆ, ಆ ಗೆರೆ ದಾಟಿದ್ದಕ್ಕೆ ಕೆಂಪಕ್ಷರ. ಅದು ಕಾಯಿಲೆ ಇದೆ ಅನ್ನೋ ತೀರ್ಪಲ್ಲ, ಯಾರನ್ನ ಇನ್ನೂ ಸರಿಯಾಗಿ ನೋಡಬೇಕು ಅನ್ನೋ ಜರಡಿ. ಈ ಕಲ್ಯಾಣ ಮಂಟಪದ ಮಾತನ್ನ ಕೆಳಗೆ ಹೋಗಿ ಅತ್ತಿಗೆಗೆ ಹೇಳಿದೆ. "ಹಾಗಂತ ಅವರು ಯಾಕೆ ಹೇಳಲಿಲ್ಲ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಒಂದು ತಟ್ಟೆ ಮೊಸರನ್ನ ತಿಂದ್ರು.

ಮುಂದಿನ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು, ಮಗಳು ಈಗ ನನ್ನ ಲ್ಯಾಪ್‌ಟಾಪಿನ ಕೀ ಕೀಳೋ ವಯಸ್ಸಿಗೆ ಬಂದಿದಾಳೆ. ಆದ್ರೆ ಅದರಿಂದ ನನ್ನ ಮಾತು ಸಾಬೀತಾಯ್ತು ಅಂತ ನಾನು ಹೇಳಲ್ಲ. ಆ 180ರಲ್ಲಿ ಒಬ್ಬರು ಅತ್ತಿಗೆಯೇ ಆಗಿದ್ರೂ ನನ್ನ ದೂರು ಇದೇ ಇರ್ತಿತ್ತು. ಮಗು ಹೇಗಿರುತ್ತೆ ಅಂತ ಡಾಕ್ಟರಿಗೆ ಗೊತ್ತಿರಲಿಲ್ಲ, ಅದು ಅವರ ತಪ್ಪಲ್ಲ. ಗೊತ್ತಿದ್ದಿದ್ದು 180ಕ್ಕೆ ಒಂದು ಅನ್ನೋದು. ಅದನ್ನ ಗೊತ್ತಿರೋ ಹಾಗೇ ಹೇಳಲಿಲ್ಲ.

ಇದು ನಮ್ಮೂರ ಡಾಕ್ಟರುಗಳ ಕತೆ ಮಾತ್ರ ಅಂದ್ಕೋಬೇಡಿ. 1978ರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ 60 ವಿದ್ಯಾರ್ಥಿಗಳು ಮತ್ತು ಡಾಕ್ಟರುಗಳಿಗೆ (ಅಲ್ಲೂ ಅರವತ್ತೇ, ನೋಡಿ!) ಒಂದು ಪ್ರಶ್ನೆ ಕೇಳಿದ್ರು. ಸಾವಿರಕ್ಕೆ ಒಬ್ಬರಿಗೆ ಬರೋ ಕಾಯಿಲೆ. ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ 5 ಜನಕ್ಕೆ ಟೆಸ್ಟು ತಪ್ಪಾಗಿ ಪಾಸಿಟಿವ್ ತೋರಿಸುತ್ತೆ. ಬೇರೇನೂ ಲಕ್ಷಣ ಗೊತ್ತಿಲ್ಲದ ಒಬ್ಬರಿಗೆ ಪಾಸಿಟಿವ್ ಬಂತು, ಅವರಿಗೆ ನಿಜವಾಗ್ಲೂ ಕಾಯಿಲೆ ಇರೋ ಸಾಧ್ಯತೆ ಎಷ್ಟು? ಓದೋದು ನಿಲ್ಲಿಸಿ ಒಂದು ನಿಮಿಷ ಯೋಚನೆ ಮಾಡಿ.

ಹೆಚ್ಚು ಜನ ಹೇಳಿದ್ದು 95 ಪರ್ಸೆಂಟು. ಸರಿಯಾಗಿ ಹೇಳಿದವರು 60ರಲ್ಲಿ 11 ಜನ. ಬೇಯ್ಸು ಗೀಯ್ಸು ಏನೂ ಬೇಡ, ಸಾವಿರ ಜನರನ್ನ ಸಾಲಾಗಿ ನಿಲ್ಲಿಸಿ. ಒಬ್ಬರಿಗೆ ಕಾಯಿಲೆ, ಅವರು ಪಾಸಿಟಿವ್. ಉಳಿದ 999ರಲ್ಲಿ ನೂರಕ್ಕೆ 5ರ ಹಾಗೆ ಸುಮಾರು 50 ಜನ ಸುಮ್‌ಸುಮ್ನೆ ಪಾಸಿಟಿವ್. ಒಟ್ಟು 51, ಅದರಲ್ಲಿ ನಿಜದವರು ಒಬ್ಬರು. ನೂರಕ್ಕೆ ಎರಡು! 2014ರಲ್ಲಿ ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಅದೇ ಪ್ರಶ್ನೆಯನ್ನ 61 ಜನಕ್ಕೆ ಕೇಳಿದ್ರು. ಸರಿ ಹೇಳಿದವರು 14. ಮೂವತ್ತಾರು ವರ್ಷದಲ್ಲಿ 11 ಇದ್ದಿದ್ದು 14 ಆಯ್ತು. ಇದಕ್ಕೆ ಪಿ ವ್ಯಾಲ್ಯೂ ನೀವೇ ಹಾಕ್ಕೊಳಿ.

ಇದನ್ನ ಕಲಿಸೋಕಾಗಲ್ಲ ಅಂತೇನಿಲ್ಲ, ಸಿಟ್ಟು ಬರೋದು ಅದಕ್ಕೇ. ಜರ್ಮನಿಯ ಗೀಗರೆನ್ಸರ್ ಮತ್ತು ಹೋಫ್ರಾಗೆ ಅನ್ನೋರು 1998ರಲ್ಲಿ 48 ಡಾಕ್ಟರುಗಳ ಮೇಲೆ ಪ್ರಯೋಗ ಮಾಡಿದ್ರು. ಇಂಥದ್ದೇ ಪ್ರಶ್ನೆಗಳನ್ನ ಪರ್ಸೆಂಟಲ್ಲಿ ಕೊಟ್ಟಾಗ ನೂರಕ್ಕೆ 10ರಷ್ಟು ಉತ್ತರ ಸರಿ. 'ಸಾವಿರ ಜನರಲ್ಲಿ ಇಷ್ಟು ಜನ' ಅಂತ ತಲೆ ಎಣಿಸೋ ಥರ ಕೊಟ್ಟಾಗ 46. ಅದೇ ಡಾಕ್ಟರುಗಳು, ಅದೇ ಕಾಯಿಲೆಗಳು, ಪ್ರಶ್ನೆ ಬರೆದ ರೀತಿ ಮಾತ್ರ ಬೇರೆ. ನಮ್ಮ ಕಾಲೇಜುಗಳಲ್ಲಿ ಮೊದಲ ದಿನವೇ ಹೀಗೆ ತಲೆ ಎಣಿಸೋದನ್ನ ಕಲಿಸೋಕೆ ಏನು ರೋಗ? ಕೈ-ಸ್ಕ್ವೇರ್ ಆರು ತಿಂಗಳು ತಡವಾಗಿ ಬರಲಿ, ಯಾರೂ ಸಾಯಲ್ಲ.

ನನ್ನ ವಾದ ಇಲ್ಲಿದೆ. ಬಯೋಸ್ಟ್ಯಾಟಿಸ್ಟಿಕ್ಸ್ ಅನ್ನೋದನ್ನ ಸಂಶೋಧನೆ ಮಾಡೋರಿಗೆ ಬೇಕಾದ ಗಣಿತ ಅಂತ ಕಲಿಸ್ತಿದಾರೆ. ಹಾಗಾಗಿ 'ನಾನೇನು ವಿಜ್ಞಾನಿ ಆಗಬೇಕಾ' ಅಂತ ಹುಡುಗರು ಬಿಟ್ಟುಬಿಡ್ತಾರೆ, ಥೀಸಿಸ್ ಬಂದಾಗ ನನ್ನಂಥವನ ಕೈಗೆ ಕೊಡ್ತಾರೆ. ಆದರೆ ನೂರಕ್ಕೆ ತೊಂಬತ್ತು ಡಾಕ್ಟರಿಗೆ (ಈ 90 ನನ್ನ ಬಾಯಿಂದ ಬಂದಿದ್ದು, ಮಾತಿನ ವರಸೆ) ಅದು ಬೇಕಾಗೋದು ರೋಗಿಗೆ ರಿಪೋರ್ಟ್ ಓದಿ ಹೇಳೋವಾಗ. ಮೆಡಿಕಲ್ ರೆಪ್ ಬಂದು "ಸರ್, ನಮ್ಮ ಮಾತ್ರೆ ಅಪಾಯಾನ ಅರ್ಧಕ್ಕೆ ಇಳಿಸುತ್ತೆ" ಅಂತ ಬಣ್ಣದ ಕಾಗದ ಇಟ್ಟಾಗ. ಅರ್ಧಕ್ಕೆ ಅಂದ್ರೆ ನೂರರಲ್ಲಿ 20 ಇದ್ದಿದ್ದು 10 ಆಯ್ತೋ, ಅಥವಾ ಹತ್ತು ಸಾವಿರದಲ್ಲಿ 2 ಇದ್ದಿದ್ದು 1 ಆಯ್ತೋ ಅಂತ ತಿರುಗಿ ಕೇಳೋದಿದೆಯಲ್ಲ, ಅದು ಬಯೋಸ್ಟ್ಯಾಟಿಸ್ಟಿಕ್ಸು. ಅದನ್ನ ಕಮ್ಯೂನಿಟಿ ಮೆಡಿಸಿನ್ ಕ್ಲಾಸಲ್ಲಿ ಅಲ್ಲ, ವಾರ್ಡಲ್ಲಿ, ಬೆಡ್ ಪಕ್ಕ ಕಲಿಸಬೇಕು. ಸ್ಟೆತಾಸ್ಕೋಪ್ ಹಿಡಿಯೋದನ್ನ ಬೋರ್ಡ್ ಮೇಲೆ ಕಲಿಸ್ತಾರಾ?

ಪಿ ವ್ಯಾಲ್ಯೂ ಕೂಡ ಹಾಗೇ. ಔಷಧಿಯಿಂದ ಏನೂ ವ್ಯತ್ಯಾಸ ಇಲ್ಲ ಅಂತಲೇ ಇಟ್ಕೊಳ್ಳಿ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣೋ ಸಾಧ್ಯತೆ ಎಷ್ಟು, ಅದು ಪಿ. ಔಷಧಿ ಕೆಲಸ ಮಾಡೋ ಸಾಧ್ಯತೆ ಅಲ್ಲ. ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದೂ ಅಲ್ಲ. 0.05 ಅನ್ನೋ ಗೆರೆ ದೇವರು ಎಳೆದಿದ್ದಲ್ಲ, 1925ರಲ್ಲಿ ಫಿಶರ್ ತನ್ನ ಪುಸ್ತಕದಲ್ಲಿ ಅನುಕೂಲ ಅಂತ ಇಟ್ಟುಕೊಂಡಿದ್ದು. ಇಷ್ಟನ್ನ ಅಕ್ಕನಿಗೆ ಹೇಳೋಕೆ ನನಗೆ ಒಂದು ಕಾಫಿ ಕುಡಿಯೋಷ್ಟು ಹೊತ್ತು ಹಿಡೀತು. "ಇದನ್ನ ಯಾರೂ ಹೀಗೆ ಹೇಳೇ ಇಲ್ವಲ್ಲೋ" ಅಂದ್ಲು. ಥೀಸಿಸ್ ಪಾಸಾಗಿ ಒಂದು ವರ್ಷದ ಮೇಲೆ!

ಒಬ್ಬ ಡಾಕ್ಟರ್ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಲೋ ಮಗಾ, ನಮ್ಮ ದೇಶದಲ್ಲಿ ಡಾಕ್ಟರುಗಳಿಗೆ ರೋಗಿ ನೋಡೋಕೇ ಟೈಮಿಲ್ಲ, ಎಣಿಸ್ತಾ ಕೂರೋದು ಅಮೆರಿಕಾದವರ ಶೋಕಿ" ಅಂದ. ಅವನಿಗೆ ಅಲ್ಲೇ ಉತ್ತರ ಕೊಡೋಕಾಗಲಿಲ್ಲ, ಇಲ್ಲಿ ಕೊಡ್ತೀನಿ. 1956ರಲ್ಲಿ ಮದ್ರಾಸಿನ ಚೆಟ್‌ಪೇಟ್‌ನಲ್ಲಿ ಕ್ಷಯರೋಗದ ಒಂದು ಪ್ರಯೋಗ ಶುರುವಾಯ್ತು. ಆಗೆಲ್ಲ ಟಿ.ಬಿ. ಅಂದ್ರೆ ಸ್ಯಾನಟೋರಿಯಂ. ನಮ್ಮ ಮೈಸೂರಲ್ಲೂ ಇತ್ತಲ್ಲ, ಒಳ್ಳೇ ಗಾಳಿ, ಮೊಟ್ಟೆ, ಹಾಲು, ತಿಂಗಳುಗಟ್ಟಲೆ ವಿಶ್ರಾಂತಿ. ಬಡವರಿಗೆ ಅಷ್ಟು ಹಾಸಿಗೆ ಎಲ್ಲಿಂದ ತರೋದು? ಅಲ್ಲಿನ ಡಾಕ್ಟರುಗಳು ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದ್ರು. ಅರ್ಧ ಜನ ಸ್ಯಾನಟೋರಿಯಂನಲ್ಲಿ, ಅರ್ಧ ಜನ ತಮ್ಮ ಇಕ್ಕಟ್ಟಿನ ಮನೆಯಲ್ಲೇ, ತಮ್ಮ ಅರೆಹೊಟ್ಟೆಯ ಊಟದಲ್ಲೇ. ಇಬ್ಬರಿಗೂ ಒಂದೇ ಮಾತ್ರೆ, ಒಂದು ವರ್ಷ. 1959ರಲ್ಲಿ ಫಲಿತಾಂಶ ಬಂತು: ಮನೆಯಲ್ಲಿದ್ದವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಗುಣವಾಗಿದ್ರು, ಅವರಿಂದ ಮನೆಯವರಿಗೆ ಹೆಚ್ಚಾಗಿ ಹರಡಿರಲೂ ಇಲ್ಲ. ಇನ್ನೂರರ ಹತ್ತಿರ ರೋಗಿಗಳ ಆ ಲೆಕ್ಕ ಇಡೀ ಜಗತ್ತಿನ ಟಿ.ಬಿ. ಚಿಕಿತ್ಸೆಯನ್ನ ಆಸ್ಪತ್ರೆ ಹಾಸಿಗೆಯಿಂದ ಮನೆಗೆ ತಂದಿತು.

ಇನ್ನೂ ಹತ್ತಿರ ಬೇಕಾ? ತುಮಕೂರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿ.ಬಿ. ಇದ್ದವರನ್ನ ಹುಡುಕಿ ಮಾತಾಡಿಸಿ 1963ರಲ್ಲಿ ಬರೆದ್ರು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ ಅನ್ನೋದು ಆಗಿನ ಮಾತು (ಈಗಲೂ ಅದೇ ಮಾತು). ಎಣಿಸಿ ನೋಡಿದ್ರೆ ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವು ಇತ್ತು, ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ರು. ತಪ್ಪು ಯಾರದು ಅಂತ ಭಾಷಣ ಹೇಳಲಿಲ್ಲ, ಎಣಿಕೆ ಹೇಳಿತು. ಇದನ್ನ ಮಾಡಿದವರು ಶೋಕಿಗೆ ಮಾಡಲಿಲ್ಲ ಮಾರಾಯಾ. ಟೈಮು, ದುಡ್ಡು, ಹಾಸಿಗೆ ಯಾವುದೂ ಇಲ್ಲದ ಕಡೆಯೇ ಯಾವುದು ಕೆಲಸ ಮಾಡುತ್ತೆ ಅಂತ ಎಣಿಸಿ ನೋಡೋದು ಹೆಚ್ಚು ಬೇಕಾಗೋದು.

ಆ ಲೆಕ್ಕಕ್ಕೂ ನಮ್ಮಕ್ಕನ ಥೀಸಿಸ್ಸಿಗೂ ಏನು ವ್ಯತ್ಯಾಸ ಅಂದ್ರೆ, ಅವರ ಹತ್ರ ಮೊದಲು ಪ್ರಶ್ನೆ ಇತ್ತು. ನಮ್ಮ ಹತ್ರ ಮೊದಲು ಅರವತ್ತು ಜನ ಇದ್ರು, ಪ್ರಶ್ನೆಯನ್ನ ನಾನು ಶನಿವಾರ ರಾತ್ರಿ ಹುಡುಕಿದೆ. ಆ ಅರವತ್ತು ಜನ ತೋಳು ಚಾಚಿ ರಕ್ತ ಕೊಟ್ಟಿದ್ರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ರು, ಕೆಲವರು ಹೆಬ್ಬೆಟ್ಟು ಒತ್ತಿದ್ರು. ವರ್ಷಕ್ಕೆ ಸಾವಿರಾರು ಥೀಸಿಸ್ ಹೀಗೇ ಕಪಾಟಿಗೆ ಹೋಗೋದಾದ್ರೆ ಆ ಕಡ್ಡಾಯವನ್ನ ತೆಗೆದುಹಾಕಿ ಅಂತಲೇ ನಾನು ಹೇಳೋದು. ಬದಲಿಗೆ ಪ್ರತಿ ಪಿ.ಜಿ.ಗೂ ಮೂರು ವರ್ಷದಲ್ಲಿ ಹತ್ತು ಒಳ್ಳೇ ಪ್ರಬಂಧ, ಹತ್ತು ಕೆಟ್ಟ ಪ್ರಬಂಧ ಕೊಟ್ಟು, ಮಿಥುನ ರಾಶಿ ಎಲ್ಲಿದೆ ಹುಡುಕು ಅನ್ನಿ. ಪರೀಕ್ಷೆಯಲ್ಲಿ ಒಂದು ಡಬಲ್ ಮಾರ್ಕರ್ ರಿಪೋರ್ಟ್ ಕೊಟ್ಟು, ಎದುರಿಗೆ ಒಬ್ಬ ಗರ್ಭಿಣಿಯನ್ನ ಕೂರಿಸಿ, ಕನ್ನಡದಲ್ಲಿ ವಿವರಿಸು ಅನ್ನಿ.

'ನೀನು ಸಾಫ್ಟ್‌ವೇರಿನವನು, ನಿನಗ್ಯಾಕೆ' ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸರಿ ಸ್ವಾಮೀ, ಹಾಗಾದ್ರೆ ಮಾಸ್ಟರ್ ಚಾರ್ಟ್ ನನಗೆ ಕಳಿಸಬೇಡಿ. ಹೋದ ತಿಂಗಳು ಅಕ್ಕನ ಜೂನಿಯರ್ ಒಬ್ಬರು ಕಳಿಸಿದ್ರು. ಪ್ರಶ್ನೆ ಏನು, ರೋಗಿಗಳನ್ನ ಸೇರಿಸೋ ಮುಂಚೆ ಏನು ಹೋಲಿಸ್ತೀನಿ ಅಂತ ಬರೆದಿದ್ರಿ, ಅದನ್ನ ಮೊದಲು ಕಳಿಸಿ, ಆಮೇಲೆ ಎಕ್ಸೆಲ್ ತೆಗೀತೀನಿ ಅಂತ ಉತ್ತರ ಬರೆದೆ. ಅವರಿಂದ ಮತ್ತೆ ಸುದ್ದಿ ಇಲ್ಲ, ಬೇರೆ ಯಾರೋ ಮಾಡಿಕೊಟ್ಟಿರ್ತಾರೆ.

ನಮ್ಮ ನಡುವೆ ಬ್ಲಾಗ್ ಬರೆಯೋ ಡಾಕ್ಟರುಗಳಿದೀರಿ. ನಿಮ್ಮ ಕಾಲೇಜಲ್ಲಿ ಇದನ್ನ ಬೇರೆ ಥರ ಕಲಿಸಿದ್ರೆ ದಯವಿಟ್ಟು ಬರೆದು ತಿಳಿಸಿ, ನಾನು ಹೇಳಿದ್ದು ತಪ್ಪು ಅಂತಾದ್ರೆ ನನಗಿಂತ ಖುಷಿ ಪಡೋರು ಇಲ್ಲ. ಇದರ ಲಿಂಕನ್ನ ಅಕ್ಕನಿಗೂ ಕಳಿಸಿದೀನಿ. ಎರಡು ಟಿಕ್ ನೀಲಿ ಆಗಿ ಒಂದು ಗಂಟೆ ಆಯ್ತು, ಉತ್ತರ ಬಂದಿಲ್ಲ.